ಏಳೆಂಟು ಪುಟ್ಟ ಓಪನ್ ಸೋರ್ಸ್ ಪ್ರಾಜೆಕ್ಟುಗಳನ್ನು ಒಬ್ಬರೇ ನಿಭಾಯಿಸುವುದು ಹೇಗೆ?

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯಿಂದ ಪದೇ ಪದೇ ಬರುವ ಪ್ರಶ್ನೆ ಇದು. ಕೇಳುವವರಲ್ಲಿ ಇಂಜಿನಿಯರಿಂಗ್ ವಿದ್ಯಾರ್ಥಿಗಳೂ ಇದ್ದಾರೆ, ಊರಲ್ಲೇ ಕೂತು ಕಂಪನಿ ಕೆಲಸ ಮಾಡುವವರೂ ಇದ್ದಾರೆ. ಅಡಿಕೆ ಧಾರಣೆ ತೆಗೆಯುವ ಸ್ಕ್ರಿಪ್ಟ್, ಹಳೆಯ ನುಡಿ ತಂತ್ರಾಂಶದ ಅಕ್ಷರವನ್ನು ಯೂನಿಕೋಡಿಗೆ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತಕ್ಕೆ) ತಿರುಗಿಸುವ ಉಪಕರಣ, ತೋಟದ ಮಳೆ ಲೆಕ್ಕ ಇಡುವ ಆ್ಯಪ್, ಅಂಕಿಯನ್ನು ಕನ್ನಡ ಪದಗಳಲ್ಲಿ ಬರೆಯುವ ಲೈಬ್ರರಿ. ಒಂದೊಂದೂ ಇನ್ನೂರು ಮುನ್ನೂರು ಸಾಲಿನ ಕೋಡು. ಬರೆಯುವಾಗ ಹಗುರ ಅನ್ನಿಸಿದ್ದು ಎರಡು ವರ್ಷ ಕಳೆದ ಮೇಲೆ ಒಟ್ಟಾಗಿ ಭಾರವಾಗುತ್ತದೆ.

ಭಾರ ಕೋಡಿನದ್ದಲ್ಲ. ಒಂದರಲ್ಲಿ ಪರೀಕ್ಷೆ ಓಡಿಸುವ ಕ್ರಮ ಒಂದು, ಇನ್ನೊಂದರಲ್ಲಿ ಮತ್ತೊಂದು. ಆರು ತಿಂಗಳ ನಂತರ ತೆರೆದರೆ ಅದು ಹೇಗೆ ಓಡುತ್ತಿತ್ತು ಎಂದು ನೆನಪು ಮಾಡಿಕೊಳ್ಳುವುದರಲ್ಲೇ ಭಾನುವಾರ ಮುಗಿಯುತ್ತದೆ. ಆದ್ದರಿಂದ ಈ ಲೇಖನದ ಸಲಹೆಗಳೆಲ್ಲ ಒಂದೇ ಕಡೆಗೆ ಹೋಗುತ್ತವೆ: ಎಲ್ಲವನ್ನೂ ಒಂದೇ ಅಚ್ಚಿಗೆ ತನ್ನಿ, ತರುವಷ್ಟು ಯೋಗ್ಯತೆ ಇಲ್ಲದ್ದನ್ನು ಮುಚ್ಚಿ.

ಬೇಕಾಗುವುದು: ಗಿಟ್ (ಕೋಡಿನ ಬದಲಾವಣೆಗಳ ದಾಖಲೆ ಇಡುವ ಉಪಕರಣ) ಇರುವ ಕಂಪ್ಯೂಟರು, ಗಿಟ್‌ಹಬ್ ಅಥವಾ ಗಿಟ್‌ಲ್ಯಾಬ್ ಅಥವಾ ಕೋಡ್‌ಬರ್ಗ್ ಎಂಬ ಕೋಡು ಇಡುವ ಜಾಲತಾಣದಲ್ಲಿ ಖಾತೆ, ಒಂದು ಸ್ಪ್ರೆಡ್‌ಶೀಟು, ಬ್ಯಾಕಪ್‌ಗೆ ಪೆನ್‌ಡ್ರೈವ್ ಅಥವಾ ಹೊರಗಿನ ಡಿಸ್ಕು. ಉದಾಹರಣೆಗಳನ್ನು ಗಿಟ್‌ಹಬ್‌ಗೆ ಹೊಂದಿಸಿ ಕೊಟ್ಟಿದೆ. ಆಜ್ಞೆಗಳನ್ನು ಓದಲೆಂದು ಕನ್ನಡ ಅಕ್ಷರದಲ್ಲಿ ಬರೆದಿದೆ, ಟರ್ಮಿನಲ್ಲಿನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಹೊಡೆಯಬೇಕು.

1. ಮೊದಲು ಪಟ್ಟಿ

ಕೋಡು ಮುಟ್ಟಬೇಡಿ. ಸ್ಪ್ರೆಡ್‌ಶೀಟಿನಲ್ಲಿ ಪ್ರಾಜೆಕ್ಟಿಗೆ ಒಂದು ಸಾಲಿನಂತೆ ಬರೆಯಿರಿ: ಹೆಸರು, ಏನು ಮಾಡುತ್ತದೆ ಎಂಬ ಒಂದು ವಾಕ್ಯ, ಯಾವ ಭಾಷೆಯ ಯಾವ ಆವೃತ್ತಿ, ಯಾರು ಬಳಸುತ್ತಾರೆ, ಪೈಪಿಐ ಅಥವಾ ಎನ್‌ಪಿಎಂನಲ್ಲಿ ಇದೆಯೇ, ಲೈಸೆನ್ಸ್ ಯಾವುದು, ಹೊರಗಿನ ಯಾವ ಜಾಲತಾಣ ನಂಬಿಕೊಂಡಿದೆ, ಕೊನೆಯ ಬಿಡುಗಡೆ ಯಾವಾಗ. ಪೈಪಿಐ ಎಂದರೆ ಪೈಥಾನ್ ಪೊಟ್ಟಣಗಳ ಸಾರ್ವಜನಿಕ ಉಗ್ರಾಣ, ಎನ್‌ಪಿಎಂ ಜಾವಾಸ್ಕ್ರಿಪ್ಟಿನದ್ದು.

ಕೊನೆಯ ಕಾಲಂ ಸ್ಥಿತಿ. ಮೂರೇ ಉತ್ತರ ಇಟ್ಟುಕೊಳ್ಳಿ. ‘ನಡೆಯುತ್ತಿದೆ’ ಎಂದರೆ ಹೊಸ ಸೌಲಭ್ಯ ಸೇರುತ್ತದೆ. ‘ಕಾವಲು’ ಎಂದರೆ ಕೆಟ್ಟರೆ ಸರಿ ಮಾಡುತ್ತೀರಿ, ಹೊಸದು ಸೇರಿಸುವುದಿಲ್ಲ. ‘ನಿಂತಿದೆ’ ಎಂದರೆ ನಿಂತಿದೆ. ‘ಮುಂದೆ ನೋಡೋಣ’ ಎಂಬ ನಾಲ್ಕನೆಯ ಬಗೆಯನ್ನು ಸೇರಿಸಿದಿರೋ, ಎಲ್ಲವೂ ಅಲ್ಲಿಗೇ ಹೋಗಿ ಕೂರುತ್ತವೆ. ಒಬ್ಬರೇ ಇದ್ದರೆ ‘ನಡೆಯುತ್ತಿದೆ’ ಕಾಲಂನಲ್ಲಿ ಎರಡಕ್ಕಿಂತ ಹೆಚ್ಚು ಇರಬಾರದು. ಈ ಸ್ಥಿತಿಯನ್ನೇ ಪ್ರತಿ ಪ್ರಾಜೆಕ್ಟಿನ ರೀಡ್‌ಮಿ ಕಡತದ ಮೊದಲ ಸಾಲಿಗೆ ಬರೆದುಬಿಡಿ. ಬಳಸುವವರ ಅರ್ಧ ಪ್ರಶ್ನೆ ಅಲ್ಲಿಗೇ ನಿಲ್ಲುತ್ತದೆ.

2. ಒಂದೇ ಸೂರಿನಡಿ ತನ್ನಿ

ರೆಪೊ ಎಂದರೆ ಒಂದು ಪ್ರಾಜೆಕ್ಟಿನ ಕೋಡು ಮತ್ತು ಅದರ ಇಡೀ ಇತಿಹಾಸ ಇರುವ ಜಾಗ. ನಿಮ್ಮ ರೆಪೊಗಳು ಸ್ವಂತ ಖಾತೆ, ಕಾಲೇಜು ಖಾತೆ, ಗೆಳೆಯರ ಖಾತೆ ಎಂದು ಹರಡಿದ್ದರೆ ಒಂದು ಆರ್ಗನೈಸೇಶನ್, ಅಂದರೆ ಹಲವರು ಸೇರಿ ನಡೆಸಬಹುದಾದ ಗುಂಪಿನ ಖಾತೆ, ತೆರೆದು ಎಲ್ಲವನ್ನೂ ಅಲ್ಲಿಗೆ ವರ್ಗಾಯಿಸಿ. ಖರ್ಚಿಲ್ಲ. ವರ್ಗಾಯಿಸಿದ ಮೇಲೆ ಹಳೆಯ ವಿಳಾಸ ತಾನಾಗಿ ಹೊಸದಕ್ಕೆ ತಿರುಗುತ್ತದೆ, ಆದರೆ ಹಳೆಯ ಜಾಗದಲ್ಲಿ ಅದೇ ಹೆಸರಿನ ಇನ್ನೊಂದು ರೆಪೊ ತೆರೆದರೆ ಆ ತಿರುವು ಕಳಚಿಹೋಗುತ್ತದೆ.

ಓನರ್ ಹಕ್ಕು ಕನಿಷ್ಠ ಇಬ್ಬರಿಗಿರಲಿ. ಎರಡನೆಯವರು ಕೋಡು ಬರೆಯಬೇಕೆಂದಿಲ್ಲ, ನೀವು ಸಿಗದಿದ್ದಾಗ ಬಾಗಿಲು ತೆಗೆಯುವವರಾದರೆ ಸಾಕು.

ವಿದ್ಯಾರ್ಥಿಗಳಿಗೆ ಒಂದು ಎಚ್ಚರಿಕೆ. ಕಾಲೇಜಿನ ಇಮೇಲ್ ವಿಳಾಸದಲ್ಲಿ ಗಿಟ್‌ಹಬ್, ಪೈಪಿಐ ಖಾತೆ ತೆರೆದಿದ್ದರೆ ಇವತ್ತೇ ಸ್ವಂತ ವಿಳಾಸ ಸೇರಿಸಿ ಅದನ್ನೇ ಮುಖ್ಯ ಮಾಡಿ. ಕೋರ್ಸು ಮುಗಿದ ಮೇಲೆ ಕಾಲೇಜು ಆ ಇಮೇಲ್ ಮುಚ್ಚಿದರೆ ಪಾಸ್‌ವರ್ಡ್ ಮರುಹೊಂದಿಸುವ ಪತ್ರ ಎಲ್ಲಿಗೂ ಬರುವುದಿಲ್ಲ. ಎರಡು ಹಂತದ ಲಾಗಿನ್ ಇವತ್ತು ಆಯ್ಕೆಯ ವಿಷಯವಲ್ಲ, ಪೈಪಿಐ 2024ರ ಜನವರಿಯಿಂದ ಎಲ್ಲ ಖಾತೆಗೂ ಕಡ್ಡಾಯ ಮಾಡಿದೆ. ಆಗ ಕೊಡುವ ರಿಕವರಿ ಕೋಡುಗಳನ್ನು ಕಾಗದದ ಮೇಲೆ ಮುದ್ರಿಸಿ ಇಡಿ. ಫೋನಿನ ಆ್ಯಪ್ ಒಂದನ್ನೇ ನಂಬಿದರೆ ಮಳೆಯಲ್ಲಿ ಫೋನ್ ನೆಂದ ದಿನ ಖಾತೆಯೂ ಹೋಗುತ್ತದೆ.

ಆರ್ಗನೈಸೇಶನ್ ಆದ ಮೇಲೆ ಒಂದು ಸುಲಭದ ಲಾಭವಿದೆ. ‘ಡಾಟ್ ಗಿಟ್‌ಹಬ್’ ಎಂಬ ಹೆಸರಿನ, ಅಂದರೆ ಚುಕ್ಕಿಯಿಂದ ಶುರುವಾಗುವ, ಸಾರ್ವಜನಿಕ ರೆಪೊ ತೆರೆಯಿರಿ. ಅದರಲ್ಲಿಟ್ಟ ಕೊಡುಗೆ ನಿಯಮ, ನಡವಳಿಕೆ ನಿಯಮ, ಭದ್ರತಾ ಸೂಚನೆ, ದೂರಿನ ನಮೂನೆಗಳು ಉಳಿದೆಲ್ಲ ರೆಪೊಗಳಿಗೂ ಅನ್ವಯವಾಗುತ್ತವೆ. ಒಂದು ಕಡೆ ತಿದ್ದಿದರೆ ಎಲ್ಲ ಕಡೆ ತಿದ್ದಿದಂತೆ. ಯಾವುದೋ ರೆಪೊದಲ್ಲಿ ಅದರದ್ದೇ ಹಳೆಯ ಕಡತ ಇದ್ದರೆ ಅದೇ ಗೆಲ್ಲುತ್ತದೆ, ಹಾಗಾಗಿ ಹಳೆಯವನ್ನು ಅಳಿಸಿ. ಲೈಸೆನ್ಸ್ ಕಡತಕ್ಕೆ ಮಾತ್ರ ಈ ಸೌಲಭ್ಯ ಇಲ್ಲ, ಅದು ಪ್ರತಿ ರೆಪೊದಲ್ಲೂ ಇರಲೇಬೇಕು.

3. ಲೈಸೆನ್ಸ್

ಲೈಸೆನ್ಸ್ ಇಲ್ಲದ ಕೋಡು ಓಪನ್ ಸೋರ್ಸ್ ಅಲ್ಲ. ಎಲ್ಲರಿಗೂ ಕಾಣುವಂತೆ ಹಾಕಿದ್ದರೂ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಹಕ್ಕೆಲ್ಲ ನಿಮ್ಮದೇ, ಬೇರೆಯವರು ನಕಲು ಮಾಡುವಂತಿಲ್ಲ. ಸಣ್ಣ ಉಪಕರಣಗಳಿಗೆ ಎಂಐಟಿ ಸಾಕು. ತಿದ್ದಿ ಹಂಚುವವರೂ ತಮ್ಮ ತಿದ್ದುಪಡಿಯನ್ನು ತೆರೆದಿಡಬೇಕು ಅನ್ನುವುದಾದರೆ ಜಿಪಿಎಲ್. ಫಾಂಟ್ ಆದರೆ ಎಸ್‌ಐಎಲ್ ಓಪನ್ ಫಾಂಟ್ ಲೈಸೆನ್ಸ್. ಯಾವುದಾದರೂ ಸರಿ, ಫಾಂಟ್ ಬಿಟ್ಟು ಉಳಿದೆಲ್ಲ ಪ್ರಾಜೆಕ್ಟಿಗೂ ಒಂದೇ ಇರಲಿ. ಇಲ್ಲದಿದ್ದರೆ ಒಂದರ ಕೋಡನ್ನು ಇನ್ನೊಂದಕ್ಕೆ ಒಯ್ಯುವಾಗಲೆಲ್ಲ ಲೆಕ್ಕ ಹಾಕುತ್ತ ಕೂರಬೇಕು.

ಎಡವುವುದು ಎರಡು ಕಡೆ. ಜಿಪಿಎಲ್‌ನಲ್ಲಿರುವ ಯಾವುದೋ ಪರಿವರ್ತಕದಿಂದ ಅಕ್ಷರ ಹೊಂದಿಕೆಯ ಕೋಷ್ಟಕ ಎತ್ತಿಕೊಂಡು ತಮ್ಮದಕ್ಕೆ ಎಂಐಟಿ ಎಂದು ಬರೆಯುವುದು ಮೊದಲನೆಯದು. ಎರಡನೆಯದು ನಿಘಂಟಿನ ಪದಪಟ್ಟಿ. ಭಾರತದಲ್ಲಿ ಕೃತಿಸ್ವಾಮ್ಯ ಲೇಖಕರ ಮರಣಾನಂತರ 60 ವರ್ಷ ಇರುತ್ತದೆ. 1894ರ ಕಿಟ್ಟೆಲ್ ನಿಘಂಟು ಮುಕ್ತ, ಇತ್ತೀಚಿನ ನಿಘಂಟುಗಳು ಅಲ್ಲ. ಅಲರ್ ನಿಘಂಟಿನ ದತ್ತಾಂಶ ಓಡಿಬಿಎಲ್ ಲೈಸೆನ್ಸಿನಲ್ಲಿದೆ: ಬಳಸಬಹುದು, ಆದರೆ ಮೂಲ ಹೇಳಬೇಕು, ಅದರಿಂದ ಮಾಡಿದ ದತ್ತಸಂಗ್ರಹ ಹಂಚುವುದಾದರೆ ಅದೇ ಲೈಸೆನ್ಸ್ ಇಡಬೇಕು.

4. ಪರೀಕ್ಷೆ: ಊರ ಹೆಸರುಗಳಿಂದಲೇ ಶುರು ಮಾಡಿ

ಹೆಚ್ಚಿನ ಸಮಯ ಕೊಡಬೇಕಾದ ಹಂತ ಇದೇ. ಪರೀಕ್ಷೆ ಎಂದರೆ ‘ಈ ಇನ್‌ಪುಟ್ ಕೊಟ್ಟರೆ ಈ ಉತ್ತರ ಬರಬೇಕು’ ಎಂದು ಬರೆದಿಟ್ಟ ಪುಟ್ಟ ಕೋಡು. ಪ್ರಾಜೆಕ್ಟಿಗೆ ಹತ್ತು ಹದಿನೈದು ಇದ್ದರೂ ಎರಡು ವರ್ಷದ ನಂತರ ಧೈರ್ಯವಾಗಿ ಕೈಹಾಕಬಹುದು. ಕನ್ನಡದ ಕೋಡಿನಲ್ಲಿ ಏನು ಪರೀಕ್ಷಿಸಬೇಕು ಎಂಬುದಕ್ಕೆ ಮಲೆನಾಡಿನ ನಕ್ಷೆಯೇ ಸಾಕು.

ಜೋಗ. ಮೂರು ಯೂನಿಕೋಡ್ ಸಂಕೇತಗಳ ಪದ: ಜ, ಓತ್ವದ ಚಿಹ್ನೆ, ಗ. ಆದರೆ ಅದೇ ಓತ್ವವನ್ನು ಎತ್ವ, ಕೊಂಬಿನ ದೀರ್ಘ, ಅದರ ಮುಂದೆ ದೀರ್ಘದ ಗುರುತು ಎಂದು ಮೂರು ತುಂಡಾಗಿಯೂ ಬರೆಯಬಹುದು. ಆಗ ಪದ ಐದು ಸಂಕೇತವಾಗುತ್ತದೆ. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ಹುಡುಕಿದರೆ ಸಿಗುವುದಿಲ್ಲ. ಪರಿಹಾರ ನಾರ್ಮಲೈಸೇಶನ್, ಅಂದರೆ ಒಳಗೆ ಬಂದ ಪಠ್ಯವನ್ನೆಲ್ಲ ಒಂದೇ ರೂಪಕ್ಕೆ ತರುವುದು. ಪೈಥಾನ್‌ನಲ್ಲಿ ಯೂನಿಕೋಡ್‌ಡೇಟಾ ಮಾಡ್ಯೂಲಿನ ನಾರ್ಮಲೈಸ್ ಫಂಕ್ಷನ್ನಿಗೆ ಎನ್‌ಎಫ್‌ಸಿ ಎಂದು ಕೊಟ್ಟರೆ ಮೂರು ತುಂಡೂ ಒಂದಾಗುತ್ತವೆ. ಪಠ್ಯ ಒಳಬರುವ ಬಾಗಿಲಲ್ಲೇ ಇದನ್ನು ಮಾಡಿ, ಹೋಲಿಸುವ ಪ್ರತಿ ಜಾಗದಲ್ಲಿ ಮಾಡಲು ಹೋಗಬೇಡಿ. ಎಲ್ಲೋ ಒಂದು ಕಡೆ ತಪ್ಪಿಹೋಗುತ್ತದೆ.

ತೀರ್ಥಹಳ್ಳಿ. ನುಡಿ ಪರಿವರ್ತಕ ಬರೆದವರಿಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಸಿಗಲಾರದು. ದೀರ್ಘವಿದೆ, ಅರ್ಕಾವತ್ತಿದೆ, ಒತ್ತಕ್ಷರವಿದೆ. ಹಳೆಯ ನುಡಿ ಕಡತದಲ್ಲಿ ಇರುವುದು ಕನ್ನಡ ಸಂಕೇತಗಳಲ್ಲ, ಕನ್ನಡ ಆಕಾರ ತೊಡಿಸಿದ ಇಂಗ್ಲಿಷ್ ಸಂಕೇತಗಳು, ಅದೂ ಕಾಣುವ ಕ್ರಮದಲ್ಲಿ. ಅರ್ಕಾವತ್ತು ಕಾಣುವುದು ‘ಥ’ ಆದ ಮೇಲೆ, ಯೂನಿಕೋಡಿನಲ್ಲಿ ಅದು ‘ಥ’ಕ್ಕಿಂತ ಮೊದಲು ಬರುವ ‘ರ್’. ಅದನ್ನು ಹಿಂದಕ್ಕೆ ಸರಿಸುವಾಗ ಒಂದೇ ಅಕ್ಷರ ಸರಿಸುವ ಕೋಡು ‘ತೀರ್ಥ’ದಲ್ಲಿ ಗೆಲ್ಲುತ್ತದೆ, ‘ಮರ್ತ್ಯ’ದಲ್ಲಿ ಸೋಲುತ್ತದೆ. ಇಡೀ ಒತ್ತಕ್ಷರದ ಗುಂಪನ್ನು ದಾಟಿಸಬೇಕು. ‘ಶಾಸ್ತ್ರ’, ‘ಶೃಂಗೇರಿ’, ‘ಕೊಪ್ಪ’ ಇವನ್ನೂ ಪಟ್ಟಿಗೆ ಸೇರಿಸಿ.

ಕಣ್ಣಿಗೆ ಕಾಣದ ಸಂಕೇತಗಳು ಇನ್ನೊಂದು ತಲೆನೋವು. ‘ಸಾಫ್ಟ್‌ವೇರ್’ ಬರೆಯುವಾಗ ‘ಟ್’ ಮತ್ತು ‘ವೇ’ ಅಂಟಿಕೊಳ್ಳದಂತೆ ನಡುವೆ ಒಂದು ಅಗೋಚರ ತಡೆ ಇರುತ್ತದೆ. ‘ರ‍್ಯಾಂಕ್’ ಬರೆಯುವಾಗ ಅರ್ಕಾವತ್ತು ಆಗದಂತೆ ಇನ್ನೊಂದು ಬಗೆಯ ಕೊಂಡಿ ಇರುತ್ತದೆ. ಎನ್‌ಎಫ್‌ಸಿ ಇವನ್ನು ಮುಟ್ಟುವುದಿಲ್ಲ. ಹುಡುಕಾಟಕ್ಕೆ ಮಾತ್ರ ಎರಡನ್ನೂ ಕಿತ್ತು ಹೋಲಿಸಿ, ಉಳಿಸುವ ಪಠ್ಯದಲ್ಲಿ ಕೀಳಬೇಡಿ. ಕಿತ್ತರೆ ಓದುಗರ ಪರದೆಯ ಮೇಲೆ ಪದವೇ ಬೇರೆ ಆಗುತ್ತದೆ.

ಅಂಕಿ. ಕನ್ನಡ ಅಂಕಿಗಳ ‘೧೨’ ಅನ್ನು ಪೈಥಾನ್‌ನ ಇಂಟ್ ಫಂಕ್ಷನ್ 12 ಎಂದೇ ಓದುತ್ತದೆ, ಜಾವಾಸ್ಕ್ರಿಪ್ಟಿನ ಪಾರ್ಸ್‌ಇಂಟ್ ಓದುವುದಿಲ್ಲ. ಒಂದೇ ತರ್ಕವನ್ನು ಎರಡೂ ಭಾಷೆಯಲ್ಲಿ ಬರೆದವರು ಇಲ್ಲಿ ಮುಗ್ಗರಿಸುತ್ತಾರೆ.

ಅಳತೆ. ಮಲೆನಾಡಿನ ತೋಟಗಳಲ್ಲಿ ಮಳೆಯನ್ನು ಈಗಲೂ ಇಂಚು, ಸೆಂಟ್ ಲೆಕ್ಕದಲ್ಲಿ ಬರೆದಿಡುವವರು ಬಹಳ. ಇಲಾಖೆಯ ಲೆಕ್ಕ ಮಿಲಿಮೀಟರಿನಲ್ಲಿ. ಒಂದು ಇಂಚು 20 ಸೆಂಟ್ ಎಂದರೆ 1.20 ಇಂಚು, ಅಂದರೆ 30.48 ಮಿ.ಮೀ. ಕಾಲಂಗೆ ‘ಮಳೆ’ ಎಂದಷ್ಟೇ ಹೆಸರಿಡಬೇಡಿ, ‘ಮಳೆ_ಮಿಮೀ’ ಎಂದಿಡಿ.

ಊರ ಹಳೆಯ ಹೆಸರು. 2014ರ ನವೆಂಬರ್ 1ರಿಂದ ರಾಜ್ಯದ ಹನ್ನೆರಡು ನಗರಗಳ ಇಂಗ್ಲಿಷ್ ಕಾಗುಣಿತ ಬದಲಾಯಿತು. ಶಿಮೊಗಾ ಹೋಗಿ ಶಿವಮೊಗ್ಗ, ಚಿಕ್‌ಮಗಳೂರ್ ಹೋಗಿ ಚಿಕ್ಕಮಗಳೂರು. ಹಳೆಯ ದತ್ತಾಂಶದಲ್ಲಿ ಹಳೆಯದೇ ಉಳಿದಿದೆ. ಎರಡನ್ನೂ ಒಂದೇ ಊರೆಂದು ತಿಳಿಯುವ ಕೋಷ್ಟಕವನ್ನು ಪ್ರತಿ ಪ್ರಾಜೆಕ್ಟಿನಲ್ಲಿ ಬೇರೆ ಬೇರೆ ಬರೆಯದೆ ಒಂದೇ ಪುಟ್ಟ ಲೈಬ್ರರಿಯಾಗಿ ಇಟ್ಟುಕೊಳ್ಳಿ.

ಕೊನೆಗೆ ವಿಂಡೋಸ್. ಕಡತ ತೆರೆಯುವಾಗ ಎನ್‌ಕೋಡಿಂಗ್ ಯುಟಿಎಫ್-8 ಎಂದು ಸ್ಪಷ್ಟವಾಗಿ ಕೊಡಿ. ಕೊಡದಿದ್ದರೆ ನಿಮ್ಮ ಲಿನಕ್ಸಿನಲ್ಲಿ ಓಡಿದ್ದು ಬಳಸುವವರ ವಿಂಡೋಸಿನಲ್ಲಿ ಕನ್ನಡ ಕಂಡ ಕೂಡಲೇ ಬೀಳುತ್ತದೆ. ಸಿಎಸ್‌ವಿ ಕಡತವನ್ನು ಜನ ಎಕ್ಸೆಲ್ಲಿನಲ್ಲಿ ತೆರೆಯುವುದಾದರೆ ಪೈಥಾನ್‌ನಲ್ಲಿ ‘ಯುಟಿಎಫ್-8-ಸಿಗ್’ ಎಂದು ಬರೆದು ಉಳಿಸಿ. ಕಡತದ ಆರಂಭದಲ್ಲಿ ಒಂದು ಗುರುತು ಸೇರುತ್ತದೆ, ಎಕ್ಸೆಲ್ ಕನ್ನಡವನ್ನು ಸರಿಯಾಗಿ ತೋರಿಸುತ್ತದೆ.

5. ಪರೀಕ್ಷೆಗಳು ತಾವಾಗಿ ಓಡಲಿ

ಕೋಡು ಸೇರಿಸಿದಾಗಲೆಲ್ಲ ಪರೀಕ್ಷೆಗಳು ತಾವಾಗಿ ಓಡುವ ಏರ್ಪಾಟಿಗೆ ಸಿಐ ಎನ್ನುತ್ತಾರೆ. ಗಿಟ್‌ಹಬ್‌ನಲ್ಲಿ ಅದು ಆ್ಯಕ್ಷನ್ಸ್. ಎಂಟು ಪ್ರಾಜೆಕ್ಟಿಗೆ ಎಂಟು ಸಲ ಬರೆಯಬೇಡಿ. ಒಂದು ರೆಪೊದಲ್ಲಿ ಮರುಬಳಕೆಯ ವರ್ಕ್‌ಫ್ಲೋ (ಏನೇನು ಓಡಬೇಕು ಎಂದು ಬರೆದ ಕಡತ) ಇಟ್ಟು, ಉಳಿದವುಗಳಿಂದ ಅದನ್ನೇ ಕರೆಯಿರಿ.

ದಿನಾ ಬೆಳಿಗ್ಗೆ ಧಾರಣೆ ತರುವಂಥ ಕೆಲಸಗಳಿಗೆ ಮೂರು ಹಳ್ಳಗಳಿವೆ. ಗಿಟ್‌ಹಬ್‌ನ ವೇಳಾಪಟ್ಟಿ ಯುಟಿಸಿ (ನಮಗಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯ) ಎಂದೇ ಹಿಡಿದು ಬರೆಯಿರಿ. ನಮ್ಮ ಬೆಳಿಗ್ಗೆ 6:15 ಎಂದರೆ ಅಲ್ಲಿ 0:45. ಗಂಟೆ ಸರಿಯಾಗಿ ತುಂಬುವ ಹೊತ್ತು ಕೊಡಬೇಡಿ, ಜಗತ್ತೆಲ್ಲ ಅದನ್ನೇ ಕೊಡುವುದರಿಂದ ಕೆಲಸ ತಡವಾಗುತ್ತದೆ. ಇನ್ನು ಮೂರನೆಯದನ್ನು ಯಾರೂ ಗಮನಿಸುವುದಿಲ್ಲ: ಸಾರ್ವಜನಿಕ ರೆಪೊದಲ್ಲಿ 60 ದಿನ ಯಾವ ಚಟುವಟಿಕೆಯೂ ಇಲ್ಲದಿದ್ದರೆ ವೇಳಾಪಟ್ಟಿಯ ಕೆಲಸಗಳು ತಾವಾಗಿ ನಿಂತುಬಿಡುತ್ತವೆ. ‘ಎರಡು ತಿಂಗಳು ಚೆನ್ನಾಗಿ ಓಡಿತ್ತು, ಏನೂ ಮುಟ್ಟಿಲ್ಲ, ನಿಂತಿದೆ’ ಎಂದು ಬರುವ ಪ್ರಶ್ನೆಗಳಲ್ಲಿ ಮೊದಲು ನೋಡಬೇಕಾದ್ದು ಇದನ್ನೇ.

ಅವಲಂಬನೆಗಳನ್ನು, ಅಂದರೆ ನಿಮ್ಮ ಕೋಡು ಬಳಸುವ ಬೇರೆಯವರ ಲೈಬ್ರರಿಗಳನ್ನು, ಡಿಪೆಂಡಬಾಟ್ ನೋಡಿಕೊಳ್ಳಲಿ. ತಿಂಗಳಿಗೊಮ್ಮೆ, ಎಲ್ಲ ಬದಲಾವಣೆ ಒಂದೇ ಗುಂಪಾಗಿ ಬರುವಂತೆ ಹೊಂದಿಸಿ. ಹಾಗೆ ಮಾಡದಿದ್ದರೆ ವಾರಕ್ಕೆ ನಲವತ್ತು ಸೂಚನೆ ಬಂದು, ನಿಜವಾದ ದೂರು ಅದರಡಿ ಹೂತುಹೋಗುತ್ತದೆ.

6. ಹೊರಗಿನ ದತ್ತಾಂಶ ನಂಬುವ ಕೋಡು

ಮಾರುಕಟ್ಟೆ ಧಾರಣೆ, ಅಣೆಕಟ್ಟಿನ ಮಟ್ಟ ತೆಗೆಯುವ ಸ್ಕ್ರಿಪ್ಟುಗಳು ಕೆಡುವುದು ನಿಮ್ಮ ತಪ್ಪಿನಿಂದಲ್ಲ, ಆ ಕಡೆಯ ಪುಟ ಬದಲಾದದ್ದರಿಂದ. ಕೆಟ್ಟಾಗ ಸದ್ದು ಮಾಡಿ ಕೆಡಲಿ. ಇವತ್ತಿನ ದರ ಸಿಗದಿದ್ದರೆ ನಿನ್ನೆಯದನ್ನು ಇವತ್ತಿನ ದಿನಾಂಕದಲ್ಲಿ ತೋರಿಸುವ ಕೋಡು ಬರೆಯಲೇಬೇಡಿ, ಅದನ್ನು ನೋಡಿ ಯಾರೋ ಅಡಿಕೆ ಮಂಡಿಗೆ ಒಯ್ಯುತ್ತಾರೆ. ರಾಶಿ, ಬೆಟ್ಟೆ, ಸರಕು, ಗೊರಬಲು ಇವು ಬೇರೆ ಬೇರೆ ಸಾಲುಗಳು; ಸರಾಸರಿ ಮಾಡಿ ‘ಅಡಿಕೆ ದರ’ ಎಂದು ಒಂದೇ ಸಂಖ್ಯೆ ಕೊಟ್ಟರೆ ಯಾರಿಗೂ ಉಪಯೋಗವಿಲ್ಲ. ಕನಿಷ್ಠ ದರ ಗರಿಷ್ಠಕ್ಕಿಂತ ಹೆಚ್ಚಿದ್ದರೆ ಕಾಲಂ ಅದಲುಬದಲಾಗಿದೆ ಎಂದರ್ಥ.

ಅಣೆಕಟ್ಟಿಗೂ ಇಂಥದ್ದೇ ಗಡಿ ಹಾಕಿ. ಲಿಂಗನಮಕ್ಕಿಯ ಗರಿಷ್ಠ ಮಟ್ಟ 1819 ಅಡಿ, ಸಮುದ್ರಮಟ್ಟದಿಂದ. ಭದ್ರಾದ್ದು 186 ಅಡಿ, ಅದರ ಲೆಕ್ಕವೇ ಬೇರೆ. ಎರಡನ್ನೂ ಒಂದೇ ನಕ್ಷೆಯಲ್ಲಿ ಹಾಕಿದರೆ ಭದ್ರಾ ಖಾಲಿ ಬಿದ್ದಂತೆ ಕಾಣುತ್ತದೆ. ತಂದ ಮೂಲ ಪುಟವನ್ನು ಹಾಗೆಯೇ ದಿನಾಂಕ ಹಾಕಿ ಉಳಿಸಿಡಿ, ಕೋಡಿನಲ್ಲಿ ತಪ್ಪು ಸಿಕ್ಕಾಗ ಹಿಂದಿನ ದಿನಗಳನ್ನು ಮತ್ತೆ ಲೆಕ್ಕ ಹಾಕಬಹುದು.

7. ಬಿಡುಗಡೆ

ಆವೃತ್ತಿಗೆ ಮೂರು ಅಂಕಿ. 2.4.1 ಎಂದರೆ: ಕೊನೆಯದು ದೋಷ ಸರಿಪಡಿಸಿದಾಗ, ನಡುವಿನದು ಹೊಸ ಸೌಲಭ್ಯ ಸೇರಿದಾಗ, ಮೊದಲನೆಯದು ಹಳೆಯ ಬಳಕೆದಾರರ ಕೋಡು ಮುರಿಯುವಂಥ ಬದಲಾವಣೆಯಾದಾಗ ಏರುತ್ತದೆ. ಏನು ಬದಲಾಯಿತು ಎಂದು ಚೇಂಜ್‌ಲಾಗ್ ಕಡತದಲ್ಲಿ ನಾಲ್ಕು ಸಾಲು ಬರೆಯಿರಿ, ಕನ್ನಡದಲ್ಲೇ ಬರೆದರೆ ತಪ್ಪೇನಿಲ್ಲ.

ಪೈಪಿಐಗೆ ಒಮ್ಮೆ ಏರಿಸಿದ ಕಡತವನ್ನು ಅಳಿಸಿದರೂ ಅದೇ ಹೆಸರಿನಲ್ಲಿ ಮತ್ತೆ ಏರಿಸಲಾಗದು. ತಪ್ಪು ಬಿಡುಗಡೆಯಾದರೆ ‘ಯಾಂಕ್’ ಮಾಡಿ, ಅಂದರೆ ಅದು ತಾನಾಗಿ ಯಾರಿಗೂ ಇಳಿಯದಂತೆ ಗುರುತು ಹಾಕಿ, ಮುಂದಿನ ಅಂಕಿಯಲ್ಲಿ ಸರಿಯಾದದ್ದನ್ನು ಕೊಡಿ. ಎನ್‌ಪಿಎಂನಲ್ಲಿ ಪೊಟ್ಟಣವನ್ನು ಸುಲಭವಾಗಿ ಹಿಂದೆಗೆಯಲು ಸಿಗುವುದು 72 ಗಂಟೆ, ಅದೂ ಬೇರೆ ಯಾವ ಸಾರ್ವಜನಿಕ ಪೊಟ್ಟಣವೂ ಅದನ್ನು ಬಳಸುತ್ತಿಲ್ಲದಿದ್ದರೆ. ಈ ಬಿಗಿ ಬಂದದ್ದು 2016ರ ಮಾರ್ಚ್ ನಂತರ. ಹನ್ನೊಂದು ಸಾಲಿನ ಲೆಫ್ಟ್-ಪ್ಯಾಡ್ ಎಂಬ ಪೊಟ್ಟಣವನ್ನು ಬರೆದವರು ಹಿಂದೆಗೆದಾಗ, ಅದರ ಮೇಲೆ ನಿಂತಿದ್ದ ದೊಡ್ಡ ದೊಡ್ಡ ಪ್ರಾಜೆಕ್ಟುಗಳ ಬಿಲ್ಡ್ ನಿಂತಿತ್ತು. ನಿಮ್ಮದು ಪುಟ್ಟದು ಎಂದುಕೊಂಡು ಹಿಂದೆಗೆಯಬೇಡಿ, ಹೆಸರೂ ಬದಲಾಯಿಸಬೇಡಿ.

ಬಿಡುಗಡೆಯ ಪಾಸ್‌ವರ್ಡ್ ಅಥವಾ ಟೋಕನ್ (ಪಾಸ್‌ವರ್ಡಿನ ಬದಲು ಕೆಲಸ ಮಾಡುವ ಗುಟ್ಟಿನ ಸಂಕೇತ) ಯಾವತ್ತೂ ರೆಪೊ ಒಳಗೆ ಬೇಡ. ಬಿದ್ದರೆ ಮುಂದಿನ ಕಮಿಟ್‌ನಲ್ಲಿ, ಅಂದರೆ ಮುಂದೆ ದಾಖಲಿಸುವ ಬದಲಾವಣೆಯಲ್ಲಿ, ಅಳಿಸುವುದರಿಂದ ಏನೂ ಆಗದು, ಇತಿಹಾಸದಲ್ಲಿ ಇದ್ದೇ ಇರುತ್ತದೆ. ಮೊದಲು ಟೋಕನ್ ರದ್ದು ಮಾಡಿ, ಆಮೇಲೆ ಉಳಿದದ್ದು. ಪೈಪಿಐನ ‘ಟ್ರಸ್ಟೆಡ್ ಪಬ್ಲಿಷಿಂಗ್’ ಬಳಸಿದರೆ ಶಾಶ್ವತ ಟೋಕನ್ ಇಡುವ ಅಗತ್ಯವೇ ಇಲ್ಲ.

8. ದೂರುಗಳು, ಕೊಡುಗೆಗಳು, ಬೀಗದ ಕೈ

ದೂರಿನ ನಮೂನೆಯಲ್ಲಿ ಮೂರೇ ಪ್ರಶ್ನೆ ಕೇಳಿ: ಏನು ಕೊಟ್ಟಿರಿ, ಏನು ಬಂತು, ಏನು ಬರಬೇಕಿತ್ತು. ಕನ್ನಡದಲ್ಲಿ ಬರೆಯಬಹುದು ಎಂದು ಸ್ಪಷ್ಟವಾಗಿ ಹಾಕಿ. ಅಕ್ಷರದ ದೋಷವಾದರೆ ಸ್ಕ್ರೀನ್‌ಶಾಟ್ ಜೊತೆಗೆ ಪಠ್ಯವನ್ನೂ ಅಂಟಿಸಲು ಹೇಳಿ, ಚಿತ್ರದಲ್ಲಿ ಅಗೋಚರ ಸಂಕೇತ ಕಾಣುವುದಿಲ್ಲ. ಹಳೆಯ ದೂರುಗಳನ್ನು ತಾನಾಗಿ ಮುಚ್ಚುವ ಬಾಟ್ ನಮಗೆ ಹಿಡಿಸುವುದಿಲ್ಲ. ‘ಇದು ಕಾವಲು ಸ್ಥಿತಿಯಲ್ಲಿದೆ, ಈ ಸೌಲಭ್ಯ ಸೇರಿಸುವುದಿಲ್ಲ’ ಎಂದು ಎರಡು ಸಾಲು ಬರೆದು ನೀವೇ ಮುಚ್ಚುವುದು ಹೆಚ್ಚು ಪ್ರಾಮಾಣಿಕ.

ಕೋಡು ಸೇರಿಸುವ ಹಕ್ಕನ್ನು ನಿಧಾನವಾಗಿ ಕೊಡಿ. 2024ರ ಮಾರ್ಚ್‌ನಲ್ಲಿ ಬಯಲಾದ ಎಕ್ಸ್‌ಝಡ್ (ಕಡತ ಕುಗ್ಗಿಸುವ ಒಂದು ಉಪಕರಣ) ಪ್ರಕರಣವನ್ನು ಈ ಕೆಲಸ ಮಾಡುವವರೆಲ್ಲ ತಿಳಿದಿರಬೇಕು. ದಣಿದಿದ್ದ ಒಬ್ಬ ನಿರ್ವಾಹಕರ ಮೇಲೆ ಅಪರಿಚಿತ ಖಾತೆಗಳಿಂದ ‘ಬೇಗ ಬಿಡುಗಡೆ ಮಾಡಿ, ಇಲ್ಲ ಇನ್ನೊಬ್ಬರಿಗೆ ಬಿಟ್ಟುಕೊಡಿ’ ಎಂಬ ಒತ್ತಡ ಬಂತು. ವರ್ಷಗಟ್ಟಲೆ ಒಳ್ಳೆಯ ಕೊಡುಗೆ ಕೊಟ್ಟು ನಂಬಿಕೆ ಗಳಿಸಿದ ಖಾತೆಯೇ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಹಿಂಬಾಗಿಲು ಸೇರಿಸಿತ್ತು. ಎಸ್‌ಎಸ್‌ಎಚ್ ಮೂಲಕ ದೂರದ ಕಂಪ್ಯೂಟರಿಗೆ ಲಾಗಿನ್ ಅರ್ಧ ಸೆಕೆಂಡು ತಡವಾಗುವುದನ್ನು ಆಂಡ್ರೆಸ್ ಫ್ರಾಯಿಂಡ್ ಎಂಬ ಇಂಜಿನಿಯರ್ ಬೆನ್ನುಹತ್ತಿದ್ದರಿಂದ ಸಿಕ್ಕಿಬಿತ್ತು. ಅವಸರಪಡಿಸುವವರು ಕಂಡರೆ ಅದೇ ನಿಧಾನಿಸಲು ಕಾರಣ. ಮುಖ್ಯ ಶಾಖೆಗೆ ನೇರವಾಗಿ ಬರೆಯುವುದನ್ನು ಎಲ್ಲ ರೆಪೊಗಳಲ್ಲೂ ತಡೆಹಿಡಿಯಿರಿ, ನಿಮಗೂ ಸೇರಿಸಿ.

9. ವರ್ಷಕ್ಕೆ ಎರಡು ಸುತ್ತು

ದಿನವೂ ನೋಡಬೇಕಾಗಿಲ್ಲ. ಮೇ ತಿಂಗಳಲ್ಲಿ ಒಂದು ಸುತ್ತು, ದೀಪಾವಳಿ ಕಳೆದ ಮೇಲೆ ಒಂದು ಸುತ್ತು ಸಾಕು.

ಮೇ ಸುತ್ತು ಬ್ಯಾಕಪ್ಪಿನದ್ದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊಸನಗರ, ಆಗುಂಬೆ ಕಡೆ ಮರ ಬಿದ್ದು ಕರೆಂಟು ಹೋದರೆ ನೆಟ್‌ವರ್ಕೂ ಅದರ ಹಿಂದೆಯೇ ಹೋಗುತ್ತದೆ, ಸಿಡಿಲಿಗೆ ರೂಟರು ಸುಡುವುದೂ ಉಂಟು. ಪ್ರತಿ ರೆಪೊಗೆ ‘ಗಿಟ್ ಕ್ಲೋನ್’ ಆಜ್ಞೆಯನ್ನು ‘ಮಿರರ್’ ಆಯ್ಕೆಯೊಂದಿಗೆ ಓಡಿಸಿ, ಎಲ್ಲ ಶಾಖೆ, ಎಲ್ಲ ಟ್ಯಾಗ್ ಬರುತ್ತವೆ. ನಂತರ ‘ಗಿಟ್ ಬಂಡಲ್ ಕ್ರಿಯೇಟ್’ ಆಜ್ಞೆಗೆ ‘ಆಲ್’ ಆಯ್ಕೆ ಕೊಟ್ಟರೆ ಇಡೀ ಇತಿಹಾಸ ಒಂದೇ ಕಡತವಾಗುತ್ತದೆ. ಅದನ್ನು ಪೆನ್‌ಡ್ರೈವಿಗೆ ಹಾಕಿ ‘ಗಿಟ್ ಬಂಡಲ್ ವೆರಿಫೈ’ ಮಾಡಿ, ಒಮ್ಮೆ ಅದರಿಂದಲೇ ಕ್ಲೋನ್ ಮಾಡಿಯೂ ನೋಡಿ. ದೂರುಗಳು, ಚರ್ಚೆಗಳು ಈ ಕ್ಲೋನಿನಲ್ಲಿ ಬರುವುದಿಲ್ಲ, ಅವನ್ನು ಬೇರೆಯಾಗಿ ಇಳಿಸಬೇಕು. ವಿಕಿ ಪುಟಗಳು ಇನ್ನೊಂದು ರೆಪೊ. ಸಾಫ್ಟ್‌ವೇರ್ ಹೆರಿಟೇಜ್ ಎಂಬ ಸಾರ್ವಜನಿಕ ಸಂಗ್ರಹಕ್ಕೂ ವಿಳಾಸ ಕೊಟ್ಟುಬಿಡಿ, ಉಚಿತವಾಗಿ ಒಂದು ಪ್ರತಿ ಅಲ್ಲಿ ಉಳಿಯುತ್ತದೆ.

ದೀಪಾವಳಿಯ ಸುತ್ತು ಆವೃತ್ತಿಯದ್ದು. ಪೈಥಾನ್‌ನ ಹೊಸ ಆವೃತ್ತಿ ಪ್ರತಿ ಅಕ್ಟೋಬರ್‌ನಲ್ಲಿ ಬರುತ್ತದೆ, ಐದು ವರ್ಷ ಹಳೆಯದಕ್ಕೆ ಬೆಂಬಲ ನಿಲ್ಲುತ್ತದೆ. 3.9ರ ಬೆಂಬಲ 2025ರ ಅಕ್ಟೋಬರ್‌ನಲ್ಲಿ ಮುಗಿದಿದೆ. ಹಂಚಿಕೊಂಡ ಆ ಒಂದು ವರ್ಕ್‌ಫ್ಲೋದಲ್ಲಿ ಅಂಕಿ ಬದಲಾಯಿಸಿ, ಎಲ್ಲಿ ಕೆಂಪು ಬರುತ್ತದೋ ಅಲ್ಲಿ ಮಾತ್ರ ಕೈಹಾಕಿ.

10. ಮುಚ್ಚುವ ಕ್ರಮ

‘ನಿಂತಿದೆ’ ಕಾಲಂನಲ್ಲಿ ಇರುವವನ್ನು ಹಾಗೆಯೇ ಬಿಟ್ಟರೆ ಜನ ಅದನ್ನೇ ಇಳಿಸಿಕೊಂಡು ಬಳಸುತ್ತಾರೆ. ಮುಚ್ಚುವಾಗ ಕ್ರಮ ಮುಖ್ಯ, ಏಕೆಂದರೆ ಆರ್ಕೈವ್ ಗುಂಡಿ ಒತ್ತಿದ ಮೇಲೆ ರೆಪೊ ಓದಲು ಮಾತ್ರ ಸಿಗುತ್ತದೆ, ದೂರಿಗೆ ಉತ್ತರಿಸಲೂ ಆಗುವುದಿಲ್ಲ. ಮೊದಲು ರೀಡ್‌ಮಿ ಕಡತದ ಮೇಲ್ಭಾಗದಲ್ಲಿ ಯಾವಾಗ, ಏಕೆ ನಿಂತಿತು, ಬದಲಿಗೆ ಯಾವುದನ್ನು ಬಳಸಬಹುದು ಎಂದು ಬರೆಯಿರಿ. ತೆರೆದಿರುವ ದೂರುಗಳಿಗೆ ಉತ್ತರಿಸಿ ಮುಚ್ಚಿ. ಕೊನೆಯ ಬಿಡುಗಡೆ ಮಾಡಿ. ಆಮೇಲೆ ಆರ್ಕೈವ್. ಮುಂದೆ ಯಾರಾದರೂ ಮುಂದುವರಿಸುತ್ತೇನೆ ಎಂದು ಬಂದರೆ ಬೀಗ ತೆಗೆಯಬಹುದು. ಅಳಿಸುವುದು ಮಾತ್ರ ಬೇಡ.

ಉಗ್ರಾಣಗಳನ್ನು ಮರೆಯಬೇಡಿ, ಗಿಟ್‌ಹಬ್‌ನಲ್ಲಿ ಮುಚ್ಚಿದ್ದು ಅಲ್ಲಿಗೆ ತಿಳಿಯುವುದಿಲ್ಲ. ಎನ್‌ಪಿಎಂನಲ್ಲಿ ‘ಡೆಪ್ರಿಕೇಟ್’ ಆಜ್ಞೆ ಕೊಟ್ಟರೆ ಪೊಟ್ಟಣ ಇದ್ದ ಹಾಗೇ ಇದ್ದು, ಇಳಿಸಿಕೊಳ್ಳುವವರಿಗೆ ನಿಮ್ಮ ಸೂಚನೆ ಕಾಣುತ್ತದೆ. ಪೈಪಿಐಗಾದರೆ ಆ ಕೊನೆಯ ಬಿಡುಗಡೆಯ ವಿವರದಲ್ಲೇ ಬೆಳವಣಿಗೆಯ ಸ್ಥಿತಿಯನ್ನು ‘7 - ಇನ್‌ಆ್ಯಕ್ಟಿವ್’ ಎಂದು ಗುರುತಿಸಿ ಏರಿಸಿ.